ಟೈಲ್‌ಗೇಟ್ ಕೇಬಲ್: ಹೊರಗಿನ ಪಾರ್ಟ್ ನಂಬಬಹುದಾ?

ಗೇರ್‌ಬಾಕ್ಸ್ ಗುಂಡ
ಪಿಕಪ್‌ನ ಎಡಗಡೆ ಟೈಲ್‌ಗೇಟ್ ಕೇಬಲ್‌ನ (ಹಿಂದಿನ ಬಾಗಿಲು ಇಳಿಸಿದಾಗ ಅದನ್ನು ಅಡ್ಡಲಾಗಿ ಹಿಡಿದಿರುವ ತಂತಿ) ಪ್ಲಾಸ್ಟಿಕ್ ಹೊದಿಕೆ ತುದಿಯಲ್ಲಿ ಸೀಳಿದೆ. ಒಳಗಡೆ ಕಂದು ಬಣ್ಣ ಕಾಣುತ್ತಿದೆ. ಬದಲಾಯಿಸಬೇಕು, ಅದರಲ್ಲಿ ಅನುಮಾನ ಇಲ್ಲ. ಯಾವುದನ್ನು ಹಾಕಬೇಕು ಅನ್ನೋದೇ ಪ್ರಶ್ನೆ. ಕಂಪನಿ ಪಾರ್ಟ್ ದುಬಾರಿ. ಹೊರಗಿನ ಜೋಡಿ ಅದರ ಕಾಲು ಭಾಗಕ್ಕೂ ಕಡಿಮೆಗೆ ಸಿಗುತ್ತಿದೆ. ಒಬ್ಬ ಮಾರಾಟಗಾರ "ಸಾವಿರ ಕೆ.ಜಿ. ತಡೆಯುತ್ತದೆ" ಅಂತ ಬರೆದಿದ್ದಾನೆ. ಇನ್ನೊಬ್ಬ ಬರೀ "ಹೆವಿ ಡ್ಯೂಟಿ" ಅಂತಾನೆ. ಮೂರನೆಯವನು ಏನೂ ಹೇಳಿಲ್ಲ, ಫೋಟೋ ಮಾತ್ರ ಚೆನ್ನಾಗಿ ತೆಗೆದಿದ್ದಾನೆ.

ನಾನು ಗೇಟ್ ಇಳಿಸಿ ಅದರ ಮೇಲೆ ಜನರೇಟರ್ ಎಳೆದು ಗಾಡಿಗೆ ಏರಿಸುತ್ತೇನೆ. ಆಗಾಗ ಇಬ್ಬರು ಮೂವರು ಅಲ್ಲೇ ಕೂರುತ್ತೇವೆ. ಇಂಥ ಬಳಕೆಗೆ ಈ ಅಗ್ಗದ ಕೇಬಲ್ ಸಾಕಾ? ಹಾಕಿಸಿದವರು ಹೇಳಿ.

ಸ್ಪ್ಯಾನರ್
ಕಂಪನಿ ಪಾರ್ಟ್ ಹಾಕಿ, ನೆಮ್ಮದಿಯಾಗಿರಿ. ಚರ್ಚೆ ಮುಗೀತು.

ಹಳೇ ಪಿಕಪ್
ಎಲ್ಲಿ ಮುಗೀತು ಸ್ವಾಮಿ? ಕಂಪನಿ ಪಾರ್ಟ್ ಅಂದ ಮಾತ್ರಕ್ಕೆ ತುಂಡಾಗಲ್ಲ ಅಂತ ಏನೂ ಇಲ್ಲ. 2004ರಲ್ಲಿ ಜನರಲ್ ಮೋಟಾರ್ಸ್ ಹತ್ತಿರ ಹತ್ತಿರ 40 ಲಕ್ಷ ಪಿಕಪ್‌ಗಳನ್ನು ವಾಪಸ್ ಕರೆಸಿದ್ದು ಇದೇ ಕೇಬಲ್ ಕಾರಣಕ್ಕೆ. ಷೆವ್ರೊಲೆ ಸಿಲ್ವರಾಡೊ, ಜಿಎಂಸಿ ಸಿಯೆರಾ ಎಲ್ಲ ಅದರಲ್ಲಿದ್ದವು. ಸತು ಲೇಪಿಸಿದ ಉಕ್ಕಿನ ಕೇಬಲ್ ಹೊದಿಕೆಯ ಒಳಗೇ ತುಕ್ಕು ಹಿಡಿದು ತುಂಡಾಗುತ್ತಿತ್ತು. ಎರಡೂ ಹೋದರೆ ಗೇಟ್ ನೇರ ಬಂಪರ್ ಮೇಲೆ. ಅದರ ಮೇಲೆ ಇದ್ದವರು ಬಿದ್ದು ಪೆಟ್ಟು ಮಾಡಿಕೊಂಡಿದ್ದೂ ಇದೆ. ಕೊನೆಗೆ ಸ್ಟೇನ್‌ಲೆಸ್ ಕೇಬಲ್ ಹಾಕಿಕೊಟ್ಟರು. ಅವು ಕಾರ್ಖಾನೆಯಿಂದಲೇ ಬಂದ ಕೇಬಲ್‌ಗಳು, ನೆನಪಿರಲಿ.

ಸ್ಪ್ಯಾನರ್
ಅದನ್ನೇ ನಾನೂ ಹೇಳೋದು. ಕಂಪನಿ ಆಗಿದ್ದಕ್ಕೆ ವಾಪಸ್ ಕರೆಸಿ ಸರಿ ಮಾಡಿಕೊಟ್ಟರು. ಹೆಸರಿಲ್ಲದ ಕೇಬಲ್ ತುಂಡಾದರೆ ಯಾರನ್ನ ಹುಡುಕ್ತೀರಾ?

ಅರ್ಧ ಲೀಟರ್
ಈ ಮಾತಿಗೆ ಒಂದು ಲೈಕ್.

ಲೆಕ್ಕದ ಮೇಷ್ಟ್ರು
"ಗಟ್ಟಿ ಇದೆಯಾ" ಅಂತ ಕೇಳುವ ಮೊದಲು "ಎಷ್ಟು ಗಟ್ಟಿ ಬೇಕು" ಅಂತ ನೋಡೋಣ. ಗೇಟ್ ಎತ್ತರ 50 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. ಕೇಬಲ್ ಗೇಟನ್ನು ಹಿಡಿದಿರುವುದು ಕೆಳಗಿನ ಹಿಂಜ್‌ನಿಂದ 40 ಸೆಂ.ಮೀ. ದೂರದಲ್ಲಿ. ಇನ್ನೊಂದು ತುದಿ ಬಾಡಿಯ ಪಕ್ಕದ ಕಂಬದಲ್ಲಿ, ಹಿಂಜ್‌ಗಿಂತ 35 ಸೆಂ.ಮೀ. ಮೇಲೆ. ಆಗ ಕೇಬಲ್ ಗೇಟ್ ಜೊತೆ ಸುಮಾರು 41 ಡಿಗ್ರಿ ಕೋನ ಮಾಡುತ್ತದೆ.

ಈಗ ಗೇಟಿನ ಹೊರ ಅಂಚಿನ ಮೇಲೆ ಭಾರ ಇಟ್ಟರೆ, ಎರಡೂ ಕೇಬಲ್ ಸೇರಿ ಹೊರಬೇಕಾದ ಎಳೆತ ಆ ಭಾರದ 1.9 ಪಟ್ಟು. ಭಾರ ಎಷ್ಟೋ ಎಳೆತವೂ ಅಷ್ಟೇ ಅಂದುಕೊಂಡಿರುವವರು ಇದನ್ನು ಗಮನಿಸಿ. ಕೇಬಲ್ ಓರೆಯಾಗಿ, ಅದೂ ಅಂಚಿಗಿಂತ ಒಳಗಡೆಯಿಂದ ಎಳೆಯುವುದರಿಂದ ಹೀಗಾಗುತ್ತದೆ.

90 ಕೆ.ಜಿ.ಯ ಇಬ್ಬರು ಅಂಚಿನಲ್ಲಿ ಕೂತರು. 180 ಕೆ.ಜಿ. ಅಂದರೆ ಎಳೆತ 342 ಕೆ.ಜಿ. ಗೇಟಿನ ಸ್ವಂತ ತೂಕ 25 ಕೆ.ಜಿ. ಇದ್ದರೆ ಅದಕ್ಕೆ ಇನ್ನೊಂದು 24. ಒಟ್ಟು 366. ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೆ 183 ಕೆ.ಜಿ.

3.2 ಮಿ.ಮೀ. ದಪ್ಪದ 7×19 ಸತು ಲೇಪಿತ ವೈರ್ ರೋಪ್ ಹೊಸದಾಗಿದ್ದಾಗ ಸುಮಾರು 900 ಕೆ.ಜಿ.ಗೆ ತುಂಡಾಗುತ್ತದೆ. ಅಂದರೆ ಐದು ಪಟ್ಟು ಹೆಚ್ಚಿದೆ. ಲೆಕ್ಕದ ಪ್ರಕಾರ ಗುಂಡ ಅವರಿಗೆ ಅಗ್ಗದ್ದೂ ಸಾಕು.

ಹಗ್ಗ ಕಟ್ಟುವವ
ಮೇಷ್ಟ್ರೇ, ಲೆಕ್ಕ ಸರಿ, ಆದರೆ ಜನ ನಿಮ್ಮ ಲೆಕ್ಕದ ಹಾಗೆ ಕೂರಲ್ಲ. ನಾನು ಭಾರ ಎತ್ತುವ ರೋಪ್‌ಗಳ ಕೆಲಸ ಮಾಡುವವನು. ಮೂರು ಮಾತು ಹೇಳ್ತೀನಿ.

ಒಂದು, ಇಬ್ಬರೂ ಒಂದೇ ಮೂಲೆಯಲ್ಲಿ ಕೂತರೆ ಆ ಕಡೆಯ ಕೇಬಲ್ ಮೇಲೆ ಹತ್ತಿರ ಹತ್ತಿರ ಪೂರ್ತಿ 366 ಬೀಳುತ್ತದೆ. ಐದು ಪಟ್ಟು ಅಂದದ್ದು ಅಲ್ಲೇ ಎರಡೂವರೆ ಆಯ್ತು.

ಎರಡು, ನಿಧಾನವಾಗಿ ಇಟ್ಟ ಭಾರಕ್ಕೂ ಒಮ್ಮೆಲೇ ಬಿಟ್ಟ ಭಾರಕ್ಕೂ ವ್ಯತ್ಯಾಸ ಇದೆ. ಎತ್ತರದಿಂದ ಬೀಳಿಸಬೇಕಾಗಿಲ್ಲ, ಕೈ ಬಿಟ್ಟರೆ ಸಾಕು, ಎಳೆತ ಎರಡರಷ್ಟಾಗುತ್ತದೆ. ಆಗ ಆ ಒಂದು ಕೇಬಲ್ ಮೇಲೆ 700 ಚಿಲ್ಲರೆ. 900ರ ಕೇಬಲ್‌ಗೆ ಉಳಿದ ಅಂತರ ಒಂದೂಕಾಲು ಪಟ್ಟು. ಹಾರಿ ಕೂತರೆ ಅದೂ ಇಲ್ಲ.

ಮೂರು, ನೀವು ಹೇಳಿದ 900 ಬರೀ ತಂತಿಯದ್ದು. ತುದಿ ಹೇಗೆ ಕಟ್ಟಿದ್ದಾರೆ ಅನ್ನೋದು ಆಮೇಲೆ ಬರುತ್ತದೆ. ಎತ್ತುವ ರೋಪ್‌ಗಳಲ್ಲಿ ತುಂಡಾಗುವ ಭಾರದ ಐದನೇ ಒಂದು ಭಾಗವನ್ನೇ ಕೆಲಸದ ಭಾರ ಅಂತ ಇಟ್ಟುಕೊಳ್ಳುವುದು ಸುಮ್ನೆ ಅಲ್ಲ.

ಲೆಕ್ಕದ ಮೇಷ್ಟ್ರು
ಗೇಟ್ ಪೂರ್ತಿ ತಿರುಚಿಕೊಳ್ಳುವಷ್ಟು ಮೆತ್ತಗಿದ್ದರೆ ಮಾತ್ರ ಒಂದೇ ಕಡೆ ಪೂರ್ತಿ ಭಾರ. ಗೇಟಿನ ಒಳಗೆ ಮಡಿಚಿದ ಶೀಟ್ ಇರುತ್ತದೆ, ಆ ಬಿಗಿಯಿಂದ ಸ್ವಲ್ಪ ಭಾರ ಇನ್ನೊಂದು ಕಡೆಗೂ ಹೋಗುತ್ತದೆ.

ಹಗ್ಗ ಕಟ್ಟುವವ
ಸ್ವಲ್ಪ ಹೋಗುತ್ತದೆ, ಒಪ್ಪಿದೆ. ಎರಡು ಕೇಬಲ್ ಉದ್ದ ಒಂದೇ ಇದ್ದರೆ. ಹೊರಗಿನ ಜೋಡಿಗಳಲ್ಲಿ ಒಂದು ಅರ್ಧ ಸೆಂ.ಮೀ. ಉದ್ದ ಬಂದಿದ್ದನ್ನು ನಾನೇ ನೋಡಿದ್ದೇನೆ. ಆಗ ಗಿಡ್ಡದ್ದು ಬಿಗಿಯಾಗಿರುತ್ತದೆ, ಉದ್ದದ್ದು ಜೋತಾಡುತ್ತಿರುತ್ತದೆ. ನೀವು ಎಲ್ಲೇ ಕೂತರೂ ಮೊದಲ ಪೆಟ್ಟು ಗಿಡ್ಡದ್ದಕ್ಕೇ.

ರಿವೆಟ್ ರಾಣಿ
ಇನ್ನೊಂದು ವಿಷಯ. ಕಂಬದ ಮೇಲಿನ ಬೋಲ್ಟ್ ಕೆಳಗಿರುವ ಗಾಡಿಗಳೂ ಇವೆ. ಮೇಷ್ಟ್ರ 35 ಸೆಂ.ಮೀ. ಬದಲು 20 ಇಟ್ಟು ನೋಡಿ. ಕೇಬಲ್ ಇನ್ನೂ ಮಲಗುತ್ತದೆ, 1.9 ಹೋಗಿ 2.8 ಆಗುತ್ತದೆ. ಹಾಗಾಗಿ ಒಬ್ಬರ ಗಾಡಿಗೆ ಸಾಕಾದ ಕೇಬಲ್ ಇನ್ನೊಬ್ಬರ ಗಾಡಿಗೆ ಸಾಲದೇ ಇರಬಹುದು. "ನಂದು ಚೆನ್ನಾಗೇ ಇದೆ" ಅನ್ನೋ ರಿವ್ಯೂಗಳಿಂದ ಏನೂ ಗೊತ್ತಾಗಲ್ಲ.

ಸುಮ್ನೆ ಕೇಳ್ದೆ
7×19 ಅಂದ್ರೇನು? ಎಲ್ಲರಿಗೂ ಗೊತ್ತಿರೋ ಹಾಗೆ ಮಾತಾಡ್ತಿದ್ದೀರಾ.

ಹಗ್ಗ ಕಟ್ಟುವವ
ಏಳು ಎಳೆ, ಒಂದೊಂದು ಎಳೆಯಲ್ಲೂ 19 ಸಣ್ಣ ತಂತಿ. ಇದು ಚೆನ್ನಾಗಿ ಬಾಗುತ್ತದೆ. 7×7ರಲ್ಲಿ ತಂತಿಗಳು ಕಡಿಮೆ, ದಪ್ಪ, ಉಜ್ಜಿದರೆ ಬೇಗ ಸವೆಯಲ್ಲ, ಆದರೆ ಬಿರುಸು. 1×19 ಇನ್ನೂ ಬಿರುಸು. ಟೈಲ್‌ಗೇಟ್ ಮುಚ್ಚಿದಾಗಲೆಲ್ಲ ಕೇಬಲ್ ಮಡಿಚಿಕೊಳ್ಳುತ್ತದೆ ಅಲ್ವಾ, ಅದಕ್ಕೆ 7×19 ವಾಸಿ. ಬಿರುಸಿನ ತಂತಿ ಹಾಕಿದರೆ ತುದಿಯ ಹತ್ತಿರ ಬಾಗಿ ಬಾಗಿ ಒಂದೊಂದೇ ತಂತಿ ಮುರಿಯುತ್ತಾ ಬರುತ್ತದೆ.

ತುಕ್ಕು ಶತ್ರು
ಎಲ್ಲರೂ ಹೊಸ ಕೇಬಲ್ ಲೆಕ್ಕ ಹಾಕ್ತಿದ್ದೀರಾ. ಹೊಸದು ಯಾವುದೂ ತುಂಡಾಗಲ್ಲ! ತೊಂದರೆ ಕೊಡೋದು ವರ್ಷಗಳು ಕಳೆದ ಮೇಲೆ.

ಪ್ಲಾಸ್ಟಿಕ್ ಹೊದಿಕೆ ಇರೋದು ಪೇಂಟ್ ಗೀಚದೇ ಇರಲಿ, ಗಲಗಲ ಸದ್ದು ಬರದೇ ಇರಲಿ ಅಂತ. ಕೇಬಲ್ ಕಾಪಾಡೋದಕ್ಕೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ತುದಿಯಲ್ಲಿ ಕ್ರಿಂಪ್ ಮಾಡಿದ (ಲೋಹದ ಸ್ಲೀವ್ ಒತ್ತಿ ಬಿಗಿದ) ಕಡೆ ಹೊದಿಕೆ ನಿಲ್ಲುತ್ತದೆ. ಅಲ್ಲಿಂದ ನೀರು ಒಳಗೆ ಇಳಿಯುತ್ತದೆ. ತಂತಿಗಳ ಸಂದಿಯಲ್ಲಿ ಹೀರಿಕೊಂಡು ಉದ್ದಕ್ಕೂ ಹೋಗುತ್ತದೆ. ಹೊರಗೆ ಬರೋಕೆ ದಾರಿ ಇಲ್ಲ. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅಲ್ಲಂತೂ ಬೇಗ. ಗೊಬ್ಬರ, ಮೀನು ಸಾಗಿಸುವ ಗಾಡಿಗಳದ್ದೂ ಇದೇ ಪಾಡು. ಮೇಲೆ ನೋಡಿದರೆ ಕಪ್ಪಗೆ ಹೊಳೀತಾ ಇರುತ್ತೆ, ಒಳಗೆ ಅರ್ಧ ತಂತಿ ಪುಡಿ.

ಬೆರಳಲ್ಲಿ ಉದ್ದಕ್ಕೂ ಸವರಿ. ಎಲ್ಲಾದರೂ ಹಾವು ಇಲಿ ನುಂಗಿದ ಹಾಗೆ ಉಬ್ಬಿದ್ದರೆ ಒಳಗೆ ತುಕ್ಕು ಸೇರಿಕೊಂಡಿದೆ ಅಂತ ಲೆಕ್ಕ. ತುಕ್ಕು ಉಕ್ಕಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಬಾಗಿಸಿದಾಗ ಕರಕರ ಅಂದರೆ ಅದೂ ಅದೇ.

ಹಳೇ ಪಿಕಪ್
ಸ್ಟೇನ್‌ಲೆಸ್ ಹಾಕಿದರೆ ಈ ತಲೆನೋವು ಇಲ್ಲವಲ್ಲ?

ತುಕ್ಕು ಶತ್ರು
ಕಡಿಮೆ. ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಸ್ಟೇನ್‌ಲೆಸ್‌ಗೆ ಗಾಳಿ ತಾಗುತ್ತಿದ್ದರೆ ಅದರ ಮೇಲಿನ ತೆಳು ಪದರ ತಾನಾಗೇ ಸರಿಯಾಗುತ್ತಿರುತ್ತದೆ. ಹೊದಿಕೆಯ ಒಳಗೆ ಉಪ್ಪು ನೀರು ನಿಂತರೆ ಅಲ್ಲಿ ಗಾಳಿ ಇಲ್ಲ. 304 ದರ್ಜೆಯದ್ದು ಅಂಥ ಸಂದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಸಮುದ್ರದ ಹತ್ತಿರ ಇದ್ದರೆ 316 ವಾಸಿ, ಅದರಲ್ಲಿ ಮಾಲಿಬ್ಡಿನಮ್ ಇದೆ.

ಹಗ್ಗ ಕಟ್ಟುವವ
ಅದರ ಜೊತೆ ಇದೂ ಗೊತ್ತಿರಲಿ: ಅದೇ ದಪ್ಪದಲ್ಲಿ ಸ್ಟೇನ್‌ಲೆಸ್ ಹೊಸದಾಗಿದ್ದಾಗ ಸತು ಲೇಪಿತಕ್ಕಿಂತ ಸ್ವಲ್ಪ ಕಮ್ಮಿ ಗಟ್ಟಿ. 3.2 ಮಿ.ಮೀ.ದು 900 ಬದಲು 800 ಕೆ.ಜಿ. "ಸ್ಟೇನ್‌ಲೆಸ್ ಅಂದ್ರೆ ಸ್ಟ್ರಾಂಗ್" ಅನ್ನೋದು ಜಾಹೀರಾತಿನ ಮಾತು. ಕೆಲವು ವರ್ಷ ಕಳೆದ ಮೇಲೆ ಮಾತ್ರ ಅದು ಮುಂದೆ ಬರುತ್ತದೆ.

ಗೇರ್‌ಬಾಕ್ಸ್ ಗುಂಡ
ಈ "ಸಾವಿರ ಕೆ.ಜಿ." ಬಗ್ಗೆ ಯಾರಾದರೂ ಹೇಳಿ. ಸುಳ್ಳಾ?

ರಿವೆಟ್ ರಾಣಿ
ಸುಳ್ಳೇ ಅಂತ ಹೇಳಕ್ಕಾಗಲ್ಲ. ಅವನನ್ನು ಹೀಗೆ ಕೇಳಿ ನೋಡಿ. ಸಾವಿರ ಅನ್ನೋದು ಒಂದಕ್ಕೋ ಜೋಡಿಗೋ? ತುಂಡಾಗುವ ಭಾರವೋ, ದಿನಾ ಹೊರಿಸಬಹುದಾದ ಭಾರವೋ? ಬರೀ ತಂತಿಗೋ, ತುದಿಯ ಕೊಂಡಿ ಸಮೇತವೋ? ಉತ್ತರ ಬರಲ್ಲ ಅಂತ ನನ್ನ ಅಂದಾಜು. ತಂತಿ ಮಾಡಿದವರ ಕ್ಯಾಟಲಾಗ್‌ನಿಂದ ಎತ್ತಿಕೊಂಡ ಅಂಕಿ ಅದು.

ಇನ್ನೊಂದು ಮೋಸ ದಪ್ಪದ್ದು. "5 ಮಿ.ಮೀ. ಕೇಬಲ್" ಅಂತಾರೆ, ಹೊದಿಕೆ ಸೇರಿಸಿ. ಒಳಗೆ ತಂತಿ 3.2 ಇರುತ್ತದೆ. ನಿಜವಾದ 4.8 ಮಿ.ಮೀ. ತಂತಿ ಆಗಿದ್ದರೆ 1900 ಕೆ.ಜಿ. ತಡೆಯುತ್ತಿತ್ತು. ದಪ್ಪ ಒಂದೂವರೆ ಪಟ್ಟು, ಬಲ ಎರಡರಷ್ಟು. ತುದಿಯಲ್ಲಿ ಬರಿ ತಂತಿ ಕಾಣುವ ಕಡೆ ವರ್ನಿಯರ್ ಹಿಡಿದು ಅಳೆಯಿರಿ.

ಬೈಕ್ ಹೊರುವವ
ನನ್ನ ಅನುಭವದಲ್ಲಿ ತಂತಿ ಯಾವತ್ತೂ ಹೋಗಿಲ್ಲ. ಹೋಗಿದ್ದು ಕೊಂಡಿ. ಬೈಕ್ ಹತ್ತಿಸುವಾಗ ಹಿಂದಿನ ಚಕ್ರ ಗೇಟ್ ಅಂಚಿಗೆ ಬಂತು. ಟಪ್ ಅಂತ ಗೇಟ್ ಬಲಗಡೆ ಕುಸಿಯಿತು. ಇಳಿಸಿ ನೋಡಿದರೆ ಕೇಬಲ್ ಹಾಗೇ ಇದೆ. ಬೋಲ್ಟ್ ತಲೆಗೆ ಸಿಕ್ಕಿಸುವ ಕೀಲಿ ರಂಧ್ರದ ತಗಡು ಬಾಯಿ ಬಿಟ್ಟುಕೊಂಡಿದೆ! ಹೊರಗಿನ ಪಾರ್ಟ್, ತಗಡು ನೋಡಿದರೇ ತೆಳ್ಳಗೆ. ಹಳೆಯ ಕಂಪನಿ ಕೇಬಲ್ ಪಕ್ಕ ಹಿಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು.

ಸ್ಪ್ಯಾನರ್
ನೋಡಿದ್ರಾ? ನಾನು ಮೊದಲೇ ಹೇಳಿದೆ.

ಹಗ್ಗ ಕಟ್ಟುವವ
ಸರಿಯಾಗಿ ಹೇಳಿದ್ರಿ ಬೈಕ್ ಅಣ್ಣ. ಇದೇ ನನ್ನ ಮೂರನೇ ಮಾತು. ಕೇಬಲ್ ಅಂದರೆ ನಾಲ್ಕು ಪಾರ್ಟು: ತಂತಿ, ಅದರ ತುದಿಗೆ ಒತ್ತಿದ ಸ್ಲೀವ್ (ಲೋಹದ ಕೊಳವೆ), ತುದಿಯ ತಗಡು, ಅದು ಹಿಡಿದಿರುವ ಬೋಲ್ಟ್. ಚೆನ್ನಾಗಿ ಒತ್ತಿದ ಸ್ಲೀವ್ ತಂತಿಯಷ್ಟೇ ಬಲ ಕೊಡುತ್ತದೆ ಅಂತ ಇಟ್ಟುಕೊಳ್ಳಬಹುದು. ಸುಮಾರಾಗಿ ಒತ್ತಿದ್ದರೆ ತಂತಿ ಮುರಿಯಲ್ಲ, ಜಾರಿ ಹೊರಗೆ ಬರುತ್ತದೆ. ಕೆಲವರು ಹೊದಿಕೆ ಸುಲಿಯದೇ ಅದರ ಮೇಲೇ ಒತ್ತಿರುತ್ತಾರೆ. ಅದು ಹಿಡಿದಿರೋದು ಪ್ಲಾಸ್ಟಿಕ್ಕನ್ನ, ತಂತಿಯನ್ನಲ್ಲ.

ಅರ್ಧ ಲೀಟರ್
ಇಷ್ಟೆಲ್ಲ ಯಾಕೆ? ಚೈನ್ ಹಾಕಿ. ಲೋಡ್ ಗಾಡಿಗಳಲ್ಲಿ ಹಿಂದಿನ ಡೋರ್‌ಗೆ ಚೈನೇ ಇರೋದು. ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತೆ.

ರಿವೆಟ್ ರಾಣಿ
ಕಾಣುತ್ತೆ ಅನ್ನೋದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಗೇಟ್ ಮುಚ್ಚಿದಾಗ ಚೈನ್ ಎಲ್ಲಿ ಹೋಗುತ್ತೆ? ಲೋಡ್ ಗಾಡಿಯಲ್ಲಿ ಹೊರಗೆ ನೇತಾಡುತ್ತೆ, ಯಾರೂ ಕೇಳಲ್ಲ. ಪಿಕಪ್‌ನಲ್ಲಿ ಗೇಟ್ ಮತ್ತು ಕಂಬದ ಸಂದಿಯಲ್ಲಿ ಸಿಕ್ಕಿಕೊಂಡು ಪೇಂಟ್ ಕಿತ್ತುಹೋಗುತ್ತೆ. ಮತ್ತೆ ತುಕ್ಕು, ಈ ಸಲ ಬಾಡಿಗೆ.

ಅರ್ಧ ಲೀಟರ್
ಚೈನ್‌ಗೆ ರಬ್ಬರ್ ಟ್ಯೂಬ್ ಏರಿಸಿ.

ತುಕ್ಕು ಶತ್ರು
ಆಗ ಮತ್ತೆ ಒಳಗೆ ನೀರು, ಹೊರಗಿಂದ ಕಾಣಲ್ಲ. ತಿರುಗಿ ಅಲ್ಲಿಗೇ ಬಂದ್ವಿ 😄

ಸುಮ್ನೆ ಕೇಳ್ದೆ
ಗೇಟ್ ಇಳಿಸಿಕೊಂಡು ಓಡಿಸಿದರೆ ಮೈಲೇಜ್ ಜಾಸ್ತಿ ಬರುತ್ತಂತೆ, ಹೌದಾ?

ಲೆಕ್ಕದ ಮೇಷ್ಟ್ರು
ಇಲ್ಲ. ಗೇಟ್ ಮುಚ್ಚಿದ್ದರೆ ತೊಟ್ಟಿಯೊಳಗೆ (ಹಿಂದೆ ಸಾಮಾನು ಹಾಕುವ ಜಾಗ) ಗಾಳಿ ಸುತ್ತುತ್ತಾ ಒಂದು ಗುಳ್ಳೆ ಆಗುತ್ತದೆ. ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಇಳಿಸಿದರೆ ಆ ಗುಳ್ಳೆ ಒಡೆಯುತ್ತದೆ. ಜೊತೆಗೆ ಹಳ್ಳ ದಿಣ್ಣೆಯಲ್ಲಿ ಗೇಟ್ ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಕೇಬಲ್‌ಗೆ ಒಂದು ಜಗ್ಗು. ನಂಬರ್ ಪ್ಲೇಟ್ ಗೇಟ್ ಮೇಲಿದ್ದರೆ ಅದೂ ಕಾಣಲ್ಲ.

ಹಳೇ ಪಿಕಪ್
ಉದ್ದ ಪೈಪ್ ಹಾಕಿದಾಗ ಗೇಟ್ ಇಳಿಸದೇ ಬೇರೆ ದಾರಿ ಇಲ್ಲವಲ್ಲ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು
ಪೈಪ್ ಭಾರ ತೊಟ್ಟಿ ಹೊರಲಿ, ಗೇಟ್ ಹೊರೋದು ಬೇಡ. ತೊಟ್ಟಿಯ ಅಂಚಿನಲ್ಲಿ ಒಂದು ಮರದ ತುಂಡು ಇಟ್ಟು ಎತ್ತರಿಸಿ, ಪೈಪ್ ಗೇಟನ್ನು ಮುಟ್ಟದ ಹಾಗೆ ಕಟ್ಟಿ.

ಬೈಕ್ ಹೊರುವವ
ಬೈಕ್ ಹತ್ತಿಸುವವರಿಗೂ ಅದೇ. ರ‍್ಯಾಂಪ್ ತುದಿಯನ್ನು ಗೇಟ್ ಅಂಚಿನ ಮೇಲೆ ಇಟ್ಟರೆ ಪೂರ್ತಿ ಭಾರ ಅತಿ ಕೆಟ್ಟ ಜಾಗದಲ್ಲಿ ಬೀಳುತ್ತೆ. ನಾನು ಈಗ ಗೇಟನ್ನೇ ಕಳಚಿ ಇಡ್ತೀನಿ. ಎರಡು ಕೇಬಲ್ ಬಿಚ್ಚಿ, ಅರ್ಧ ಎತ್ತಿ ಒಂದು ಕಡೆ ಹಿಂಜ್‌ನಿಂದ ಮೇಲಕ್ಕೆ ಎತ್ತಿದರೆ ಬಂದುಬಿಡುತ್ತೆ. ರ‍್ಯಾಂಪ್ ನೇರ ತೊಟ್ಟಿಯ ಅಂಚಿಗೆ.

ಅರ್ಧ ಲೀಟರ್
ಕಳ್ಳರಿಗೂ ಅಷ್ಟೇ ಸುಲಭ 😂 ಬೀಗ ಇಲ್ಲದ ಗೇಟ್ ಒಂದು ನಿಮಿಷದ ಕೆಲಸ.

ಸ್ಪ್ಯಾನರ್
ಹಿಂಜ್ ಪಿನ್‌ಗೆ ಒಂದು ಹೋಸ್ ಕ್ಲ್ಯಾಂಪ್ ಬಿಗಿದುಬಿಡಿ. ಅಗ್ಗದ ಉಪಾಯ. ಬೇಗ ಬಿಚ್ಚೋಕೆ ಆಗಲ್ಲ.

ಹಳೇ ಪಿಕಪ್
ವಿಷಯಕ್ಕೆ ಬರೋಣ. ಯಾರಾದರೂ ಸ್ವಂತ ಕೇಬಲ್ ಮಾಡಿಕೊಂಡಿದ್ದೀರಾ? 4.8 ಮಿ.ಮೀ. ಸ್ಟೇನ್‌ಲೆಸ್ ತಂದು, ಎರಡು ತುದಿಗೂ ಯು ಬೋಲ್ಟ್ ಕ್ಲಿಪ್ ಹಾಕಿದರೆ ಆಯ್ತಲ್ಲ.

ಹಗ್ಗ ಕಟ್ಟುವವ
ಮಾಡಬಹುದು. ಸರಿಯಾಗಿ ಮಾಡಿ. ಕ್ಲಿಪ್ ಹಾಕಿದ ತುದಿ ತಂತಿಯ ಬಲದ ಸುಮಾರು 80 ಭಾಗ ಕೊಡುತ್ತದೆ, ನೂರಲ್ಲ. ತುದಿಗೆ ಒಂದೇ ಕ್ಲಿಪ್ ಸಾಲದು. ಕ್ಲಿಪ್‌ನ ಅಗಲ ಬದಿ ಭಾರ ಹೊರುವ ತಂತಿಯ ಕಡೆ ಕೂರಬೇಕು, ಯು ಬೋಲ್ಟ್ ಸತ್ತ ತುದಿಯ (ಮಡಿಚಿ ತಂದ, ಭಾರ ಹೊರದ ತುದಿ) ಕಡೆ. ಉಲ್ಟಾ ಹಾಕಿದರೆ ಯು ಬೋಲ್ಟ್ ಭಾರದ ತಂತಿಯನ್ನೇ ಕಚ್ಚಿ ನಜ್ಜುಗುಜ್ಜು ಮಾಡುತ್ತದೆ. ಒಮ್ಮೆ ಭಾರ ಹಾಕಿ ಎಳೆದ ಮೇಲೆ ನಟ್ ಇನ್ನೊಮ್ಮೆ ಬಿಗಿಯಬೇಕು. ತಂತಿ ಹಿಗ್ಗಿ ತೆಳ್ಳಗಾಗಿ ಸಡಿಲ ಬಿದ್ದಿರುತ್ತದೆ. ಕುಣಿಕೆಯ ಒಳಗೆ ಥಿಂಬಲ್ (ತಂತಿ ಕೂರುವ ಲೋಹದ ಬಳೆ) ಹಾಕಿ, ಇಲ್ಲದಿದ್ದರೆ ಬೋಲ್ಟ್ ಸುತ್ತ ತಂತಿ ಮುರಿದುಕೊಳ್ಳುತ್ತೆ.

ಸ್ಲೀವ್ ಒತ್ತುವುದಾದರೆ ಸ್ಟೇನ್‌ಲೆಸ್ ತಂತಿಗೆ ಅಲ್ಯೂಮಿನಿಯಂ ಸ್ಲೀವ್ ಬೇಡ. ಒದ್ದೆಯಲ್ಲಿ ಎರಡು ಲೋಹ ಸೇರಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ತಾಮ್ರದ್ದೋ ಸ್ಟೇನ್‌ಲೆಸ್‌ದೋ ತನ್ನಿ. ಸುತ್ತಿಗೆಯಲ್ಲಿ ಜಜ್ಜಬೇಡಿ, ದಯವಿಟ್ಟು!

ರಿವೆಟ್ ರಾಣಿ
ಕೇಬಲ್ 1900 ಕೆ.ಜಿ. ಮಾಡಿಕೊಂಡರೆ ಆಮೇಲೆ ಹರಿಯೋದು ಕಂಬದ ತಗಡು. ಬೋಲ್ಟ್ ಹಿಡಿದಿರುವ ಬಾಡಿ ಶೀಟ್, ಗೇಟಿನ ಮೂಲೆ, ಹಿಂಜ್ ಇವೆಲ್ಲ ಮೊದಲಿನಷ್ಟೇ ಗಟ್ಟಿ. ಕೇಬಲ್ ಮುರಿದರೆ ಕೇಬಲ್ ಬದಲಾಯಿಸ್ತೀರಾ. ಕಂಬ ಹರಿದರೆ ವೆಲ್ಡಿಂಗ್, ಪೇಂಟ್. ಹಾಗಾಗಿ ದಪ್ಪ ಹೆಚ್ಚಿಸುವ ಹುಚ್ಚು ನನಗೆ ಅರ್ಥ ಆಗಲ್ಲ.

ಹಳೇ ಪಿಕಪ್
ಕಂಬ ಹರಿದರೂ ಪರವಾಗಿಲ್ಲ, ಮೇಲೆ ಕೂತವನು ಬೀಳಬಾರದು ಮೇಡಂ.

ರಿವೆಟ್ ರಾಣಿ
ಕಂಬ ಹರಿದರೆ ಕೂತವನು ಬೀಳಲ್ವಾ?

ಅರ್ಧ ಲೀಟರ್
ಹ್ಹ ಹ್ಹ, ಇದಕ್ಕೆ ಉತ್ತರ ಹೇಳಿ ಹಳೇ ಪಿಕಪ್.

ಲೆಕ್ಕದ ಮೇಷ್ಟ್ರು
ಹೋಲಿಕೆಗೆ ಒಂದು ಅಂಕಿ. 2019ರ ಜಿಎಂಸಿ ಸಿಯೆರಾದಲ್ಲಿ ಬಂದ ಮಲ್ಟಿಪ್ರೊ ಗೇಟ್‌ನಲ್ಲಿ ಮಡಿಚಿ ಮೆಟ್ಟಿಲು ಮಾಡಿಕೊಳ್ಳಬಹುದು. ಅದಕ್ಕೆ ಕಂಪನಿ ಹೇಳುವ ಮಿತಿ 375 ಪೌಂಡ್, ಸುಮಾರು 170 ಕೆ.ಜಿ. ತುಳಿಯಲಿ ಅಂತಲೇ ಮಾಡಿದ ಮೆಟ್ಟಿಲಿಗೇ ಅಷ್ಟು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಗೇಟಿನ ಮಿತಿ ಕೊಟ್ಟಿದ್ದರೆ ಅದನ್ನು ನೋಡಿ. ಕೇಬಲ್ ಬದಲಾಯಿಸಿದ ಮಾತ್ರಕ್ಕೆ ಆ ಮಿತಿ ಮೇಲೆ ಹೋಗಲ್ಲ.

ಸುಮ್ನೆ ಕೇಳ್ದೆ
ಹೊಸ ಕೇಬಲ್ ಹಾಕಿದ ಮೇಲೆ ಗಾಡಿಗೆ ಕಟ್ಟಿ ಇನ್ನೊಂದು ಗಾಡಿಯಿಂದ ಎಳೆದು ಟೆಸ್ಟ್ ಮಾಡಬಹುದಾ?

ಹಗ್ಗ ಕಟ್ಟುವವ
ಬೇಡವೇ ಬೇಡ. ಎಳೆತದಲ್ಲಿ ತುಂಡಾದ ತಂತಿ ಚಾಟಿ ಬೀಸಿದ ಹಾಗೆ ವಾಪಸ್ ಬರುತ್ತೆ, ಎದುರಿಗೆ ನಿಂತವರ ಕಣ್ಣು ಹೋಗುತ್ತೆ. ಮನೆಯಲ್ಲಿ ನೋಡಬೇಕೆಂದರೆ ಗೇಟ್ ಇಳಿಸಿ, ಅಡಿಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಒಂದೆರಡು ಇಂಚು ಸಂದಿ ಬಿಡಿ. ಮೇಲೆ ಮರಳಿನ ಚೀಲ ಒಂದೊಂದೇ ಇಡುತ್ತಾ ಹೋಗಿ, ಎರಡೂ ಬದಿಗೆ ಸಮನಾಗಿ. ಮಿತಿ ದಾಟಬೇಡಿ. ಸ್ಲೀವ್ ಪಕ್ಕದಲ್ಲಿ ತಂತಿಗೆ ಮಾರ್ಕರ್‌ನಿಂದ ಗೆರೆ ಎಳೆದಿಡಿ. ಭಾರ ಇಳಿಸಿದ ಮೇಲೆ ಗೆರೆ ಸರಿದಿದ್ದರೆ ಆ ಕ್ರಿಂಪ್ ಕಸ.

ತುಕ್ಕು ಶತ್ರು
ಈ ಗೆರೆ ಉಪಾಯ ಚೆನ್ನಾಗಿದೆ. ನನಗೆ ಗೊತ್ತಿರಲಿಲ್ಲ.

ಗೇರ್‌ಬಾಕ್ಸ್ ಗುಂಡ
ಎಲ್ಲರಿಗೂ ಥ್ಯಾಂಕ್ಸ್. ಮಾರಾಟಗಾರನಿಗೆ ರಿವೆಟ್ ರಾಣಿ ಹೇಳಿದ ಪ್ರಶ್ನೆಗಳನ್ನು ಕಳಿಸಿದೆ. ಉತ್ತರ: "ಸರ್ ತುಂಬಾ ಸ್ಟ್ರಾಂಗ್ ಇದೆ, ಬೇಗ ಆರ್ಡರ್ ಮಾಡಿ." ಅವನನ್ನು ಬಿಟ್ಟೆ. ಇನ್ನೊಬ್ಬರು ಹೊದಿಕೆಯೊಳಗೆ 4 ಮಿ.ಮೀ. ಸ್ಟೇನ್‌ಲೆಸ್, 7×19, ದಪ್ಪ ತಗಡು ಅಂತ ಅಳತೆ ಸಮೇತ ಫೋಟೋ ಕಳಿಸಿದರು. ಕಂಪನಿಯದ್ದಕ್ಕಿಂತ ಅರ್ಧ ಬೆಲೆ. ಇದನ್ನು ತರಿಸುತ್ತೇನೆ. ಒಂದೇ ಹಾಳಾಗಿರೋದು, ಎಡಗಡೆ ಮಾತ್ರ ಹಾಕಿದರೆ ನಡೆಯುತ್ತಾ?

ಹಗ್ಗ ಕಟ್ಟುವವ
ಜೋಡಿಯಾಗೇ ಹಾಕಿ. ಹಳೆಯದು ಹಿಗ್ಗಿರುತ್ತೆ, ಹೊಸದು ಗಿಡ್ಡ ಇರುತ್ತೆ. ಉದ್ದದ ವಿಷಯ ಮೇಲೆ ಹೇಳಿದೆನಲ್ಲ, ಅದೇ ಆಗುತ್ತೆ. ಬಂದ ತಕ್ಷಣ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ಉದ್ದ ನೋಡಿ.

ಸ್ಪ್ಯಾನರ್
ಗೇಟ್ ಇಳಿಸಿದಾಗ ಬಂಪರ್‌ಗೆ ತಾಗುತ್ತಾ ಅಂತಲೂ ನೋಡಿ. ಉದ್ದ ಜಾಸ್ತಿ ಇದ್ದರೆ ಗೇಟ್ ಬಂಪರ್ ಮೇಲೆ ಕೂರುತ್ತೆ, ಎರಡೂ ಡೊಂಕಾಗುತ್ತೆ. ಕಂಪನಿ ಪಾರ್ಟ್ ಹಾಕಿದ್ದರೆ ಈ ಕಿರಿಕಿರಿ ಇರ್ತಿರಲಿಲ್ಲ, ಇರಲಿ.

ಸುಮ್ನೆ ಕೇಳ್ದೆ
ಬಿಚ್ಚುವಾಗ ಗೇಟ್ ಕ್ಯಾಮೆರಾ ವೈರ್ ತೆಗೀಬೇಕಾ?

ಬೈಕ್ ಹೊರುವವ
ಕೇಬಲ್ ಬದಲಾಯಿಸೋಕೆ ಬೇಡ. ಗೇಟನ್ನೇ ಕಳಚುವುದಾದರೆ ಮಾತ್ರ ಮೊದಲು ಕನೆಕ್ಟರ್ ತೆಗೀರಿ. ಕೇಬಲ್ ಬಿಚ್ಚುವಾಗ ಇನ್ನೊಬ್ಬರು ಗೇಟ್ ಹಿಡಿದಿರಲಿ. ಬೋಲ್ಟ್ ತಲೆ ಟಾರ್ಕ್ಸ್ (ನಕ್ಷತ್ರದಾಕಾರದ ಗುಳಿ) ಆಗಿದ್ದರೆ ಸರಿಯಾದ ಸೈಜ್ ಬಿಟ್ ತನ್ನಿ, ಚಿಕ್ಕದು ಹಾಕಿ ತಲೆ ಸವೆಸಿದರೆ ಗ್ರೈಂಡರ್ ಹಿಡಿಯೋದೇ ಗತಿ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ.

ತುಕ್ಕು ಶತ್ರು
ಬಿಚ್ಚಿದ ಹಳೆ ಕೇಬಲ್‌ನ ಹೊದಿಕೆ ಸುಲಿದು ಫೋಟೋ ಹಾಕಿ ಗುಂಡ ಅವರೇ. ಬಲಗಡೆಯದ್ದು, ಚೆನ್ನಾಗಿ ಕಾಣ್ತಿರೋದು. ಅದರ ಒಳಗೆ ಏನಿದೆ ಅಂತ ನೋಡಬೇಕು ನನಗೆ.